ಅಪ್ಪ ಕಡಲಿಗೆ ಊರಿದ ಕೋಲು

ಬಿಸಿಲಿಗೆ ಕಾದ ತಾಡಪಾಲಿನ ವಾಸನೆ ಬಂದರೆ ನನಗೆ ಈಗಲೂ ತುಟಿ ಉಪ್ಪುಪ್ಪಾಗುತ್ತದೆ. ಈ ಬೇಸಿಗೆಯಲ್ಲಿ ಏಳು ವರ್ಷದ ಮಗಳನ್ನು ಕರೆದುಕೊಂಡು ಕರಾವಳಿ ಸುತ್ತಲು ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದಿದ್ದೆವು. ಒಳಗೆ ಮಂಚ, ಫ್ರಿಜ್ಜು, ಬೇಸಿನ್ನು ಎಲ್ಲ ಇದ್ದವು. ಹೊಸ ಬಣ್ಣದ ವಾಸನೆ ಬಿಟ್ಟರೆ ಅದಕ್ಕೆ ಬೇರೆ ವಾಸನೆಯೇ ಇರಲಿಲ್ಲ. ಕುಮಟಾ ಹತ್ತಿರದ ಒಂದು ದಂಡೆಯ ಮೇಲೆ, ರಸ್ತೆ ಬದಿಯ ಗಾಳಿಮರದ ಕೆಳಗೆ ಗಾಡಿ ನಿಲ್ಲಿಸಿ, ನನ್ನ ಗಂಡ ನೆರಳಿಗೆಂದು ಅದರ ಪಕ್ಕದ ದಪ್ಪ ಬಟ್ಟೆಯನ್ನು ಬಿಚ್ಚಿ ಎಳೆದಾಗ ಆ ಹಳೆಯ ವಾಸನೆ ಬಂತು. ಮೂವತ್ತು ವರ್ಷದ ಹಿಂದೆ ಐದೇ ಐದು ದಿನ ನಮಗೆ ಮನೆಯಾಗಿದ್ದ ಒಂದು ಟೆಂಪೋ, ಒಳಗಿದ್ದ ಜನರ ಸಮೇತ, ಕಣ್ಣೆದುರು ಬಂದು ನಿಂತಿತು.

ಆ ಟೆಂಪೋ ಸೊರಬದ ನನ್ನ ಸೋದರಮಾವನದು. ವರ್ಷವಿಡೀ ಭತ್ತದ ಚೀಲ ಹೊತ್ತು ಹೊತ್ತು ಅದರ ಸಂದುಗೊಂದುಗಳಲ್ಲೆಲ್ಲ ತೌಡು ತುಂಬಿತ್ತು. ಹಿಂಭಾಗಕ್ಕೆ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ, ತಾಡಪಾಲು ಬಿಗಿದು, ಮೂಲೆಗೆ ಸೀಮೆಎಣ್ಣೆ ಸ್ಟೌ ಕೂರಿಸಿ ಮಾವ ಅದನ್ನು ಮನೆ ಮಾಡಿದ್ದ. ಅವ್ವ, ಅಪ್ಪ, ಎಂಟು ವರ್ಷದ ನಾನು, ನಾಲ್ಕು ವರ್ಷದ ತಮ್ಮ, ಡ್ರೈವರ್ ಸೀಟಿನಲ್ಲಿ ಮಾವ. ಬೇಸಿಗೆ ಬೆಳೆ ಕೊಯ್ಲಾಗಿ ತೂಬು ಮುಚ್ಚಿದ್ದರಿಂದ ಅಪ್ಪನಿಗೆ ಬಿಡುವಿತ್ತು. ಅಪ್ಪ ಶಿಕಾರಿಪುರದ ಹತ್ತಿರದ ಅಂಜನಾಪುರದ ನೀರಗಂಟಿ. ಯಾರ ಗದ್ದೆಗೆ ಯಾವತ್ತು ನೀರು ಎಂದು ಹೇಳುವವನು ಅವನೇ. ಬೇಸಿಗೆಯಲ್ಲಿ ದಿನಾ ಸಂಜೆ ಕೆರೆಯ ನೀರಂಚಿಗೆ ಒಂದು ಕೋಲು ಊರಿ ಬರುತ್ತಿದ್ದ. ಬೆಳಿಗ್ಗೆ ನೀರು ಆ ಕೋಲಿನಿಂದ ಎಷ್ಟು ಗೇಣು ಹಿಂದೆ ಸರಿದಿದೆಯೆಂದು ಅಳೆದು, ‘ಇನ್ನ ಹನ್ನೆರಡು ದಿನಕ್ಕ ಸಾಕಾಗ್ತತಿ’ ಎಂದರೆ ಹದಿಮೂರನೆಯ ದಿನದ ಮಾತನ್ನು ಊರಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವನಿಗಿದ್ದ ಹೆಸರೆಲ್ಲ ಆ ಕೋಲಿನದೇ.

ಘಟ್ಟ ಇಳಿದು ಕಡಲು ಕಂಡ ಮೊದಲ ಬೆಳಿಗ್ಗೆಯೇ ಅಪ್ಪ ಗಾಳಿಮರದ ಒಂದು ಕೋಲು ಹುಡುಕಿ ಅಲೆಯಂಚಿಗೆ ಊರಿದ. ನಾವು ಇಡ್ಲಿ ತಿಂದು, ಕಪ್ಪೆಚಿಪ್ಪು ಆರಿಸಿ ಬರುವಷ್ಟರಲ್ಲಿ ನೀರು ಕೋಲಿನಿಂದ ಇಪ್ಪತ್ತು ಮಾರು ಹಿಂದೆ ಹೋಗಿತ್ತು. ಅಲ್ಲಿನ ಮರಳು ನಮ್ಮ ಕೆರೆಯಂಗಳದಂತೆಯೇ ಗಟ್ಟಿಯಾಗಿತ್ತು. ಬೇಸಿಗೆಯಲ್ಲಿ ನಾವು ಕೆರೆಯಂಗಳದ ಮೇಲೆ ಗಾಡಿ ಹೊಡೆಯುವವರೇ ತಾನೇ. ‘ಇಲ್ಲೇ ತಗಂಬಂದು ನಿಲ್ಸು, ಹುಡುಗ್ರಿಗೆ ನೀರು ಹತ್ರ ಆಗ್ತತಿ’ ಎಂದು ಅಪ್ಪ ಮಾವನಿಗೆ ಕೈ ಮಾಡಿದ.

‘ಇದು ನಿಮ್ಮ ಕೆರೆ ಅಲ್ಲರೀ, ಸ್ವಲ್ಪ ಮೇಲೆ ನಿಲ್ಸಿದ್ರೆ ಏನು ಗಂಟು ಹೋಗುತ್ತೆ?’ ಎಂದಳು ಅವ್ವ. ಅವಳು ಸೊರಬದ ಕಡೆಯವಳು. ಶಿಕಾರಿಪುರದವರ ಧೈರ್ಯದ ಮೇಲೆ ಅವಳಿಗೆ ಯಾವಾಗಲೂ ಒಂದು ಗುಮಾನಿ.

‘ನೀರಿನ ಬುದ್ಧಿ ನನಗ ಗೊತ್ತಿಲ್ಲೇನು? ಬ್ಯಾಸಗ್ಯಾಗ ಇಳಿದ ನೀರು ಮಳೆ ಬರೂತನಕ ಏರಂಗಿಲ್ಲ.’

ಊಟ ಮಾಡಿ ಎಲ್ಲರೂ ತಾಡಪಾಲಿನ ನೆರಳಲ್ಲಿ ಮಲಗಿದೆವು. ಎಚ್ಚರವಾದಾಗ ಮಧ್ಯಾಹ್ನ ತಿರುಗಿತ್ತು, ಕೆಳಗೆ ಚಕ್ರಗಳ ಸುತ್ತ ನೀರು ಗುಳುಗುಳು ಎನ್ನುತ್ತಿತ್ತು. ಹೊರಗೆ ತೊಳೆದಿಟ್ಟಿದ್ದ ನಮ್ಮ ಅನ್ನದ ಪಾತ್ರೆ ತೇಲಿಕೊಂಡು ಹೋಗುತ್ತಿತ್ತು. ಮಾವ ಎಷ್ಟು ಎಕ್ಸಲರೇಟರ್ ಒತ್ತಿದರೂ ಹಿಂದಿನ ಚಕ್ರ ಹೂತುಕೊಳ್ಳುತ್ತ ಹೋಯಿತು. ಅಪ್ಪ ಮೊಣಕಾಲು ನೀರಿನಲ್ಲಿ ತಮ್ಮನನ್ನೂ ನನ್ನನ್ನೂ ಹೆಗಲ ಮೇಲೆ ಹೊತ್ತು ದಡಕ್ಕೆ ತಂದ. ಅಷ್ಟರಲ್ಲಿ ದೋಣಿಯ ಬಳಿ ಬಲೆ ನೇಯುತ್ತಿದ್ದ ಏಳೆಂಟು ಜನ ಹಗ್ಗ, ಹಲಗೆ ಹಿಡಿದು ಓಡಿಬಂದರು. ಟೆಂಪೋ ಮೇಲೆ ಬಂದ ನಂತರ ಅವರಲ್ಲೊಬ್ಬ ಮುದುಕ ಊರು ಕೇಳಿದ, ಕಸುಬು ಕೇಳಿದ. ‘ನೀರಗಂಟಿ ಅದೀನ್ರಿ’ ಎಂದ ಅಪ್ಪ, ನೆಲ ನೋಡುತ್ತ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾವನೂ ನಕ್ಕ. ನಾನೂ ನಕ್ಕೆ.

ಆಮೇಲೆ ಅಪ್ಪ ಮಾಡಿದ್ದು ಇದು. ಒದ್ದೆ ಬಟ್ಟೆಯಲ್ಲೇ ಆ ಮುದುಕನ ಪಕ್ಕ ಕೂತು, ‘ನಿಮ್ಮ ನೀರು ನನಗ ತಿಳೀಲಿಲ್ರೀ. ಅದರ ರೀತಿ ಹ್ಯಾಂಗ, ಒಂಚೂರು ಹೇಳ್ರಿ’ ಎಂದು ಕೇಳಿದ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ದಿನದಿಂದ ದಿನಕ್ಕೆ ಎರಡು ಗಳಿಗೆ ತಡವಾಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಜೋರು. ಮುದುಕ ಹೇಳುತ್ತ ಹೋದ, ಅಪ್ಪ ಬೆರಳ ಗೆಣ್ಣಿನ ಮೇಲೆ ಎಣಿಸುತ್ತ ಹೋದ. ಮಗ್ಗಿ ಕಲಿಯುವಾಗ ನಾನೂ ಹಾಗೇ ಕೂರುತ್ತಿದ್ದೆ. ಮರುದಿನ ಹೊನ್ನಾವರದ ಕಡೆಯ ಒಂದು ದಂಡೆಯಲ್ಲಿ, ಹಿಂದಿನ ಏರು ಬಿಟ್ಟುಹೋಗಿದ್ದ ಕಸದ ಗೆರೆಯನ್ನು ನೋಡಿಕೊಂಡು ಕೋಲು ಊರಿದ. ‘ಹೊತ್ತು ಇಳಿಯೂದರಾಗ ಇಲ್ಲೀತನಕ ಬರ್ತತಿ, ಆಮ್ಯಾಲ ತಿರುಗ್ತತಿ’ ಎಂದ. ಅವ್ವ ಟೆಂಪೋವನ್ನು ರಸ್ತೆಯಿಂದ ಇಳಿಸಗೊಡಲಿಲ್ಲ. ಆದರೆ ನೀರು ಅವನು ಹೇಳಿದ ಹೊತ್ತಿಗೇ ಬಂತು, ಕೋಲು ಮುಟ್ಟಲು ಇನ್ನೊಂದು ಗೇಣು ಇರುವಾಗಲೇ ನಿಂತು ಹಿಂದೆ ತಿರುಗಿತು. ಅಪ್ಪ ಆ ಒಂದು ಗೇಣು ಏಕೆ ತಪ್ಪಿತೆಂದು ಯೋಚಿಸುತ್ತ ಬಹಳ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

ಊರಿಗೆ ಮರಳುವಾಗ ನಾನು, ‘ಶಾಲ್ಯಾಗ ಇದನ್ನ ಹೇಳ್ಲೇನಪ್ಪ?’ ಎಂದು ಕೇಳಿದೆ. ‘ಹೇಳು. ಹೇಳೂದಾದ್ರ ಪೂರ್ತಿ ಹೇಳು’ ಎಂದ. ನಾನು ಅರ್ಧವೇ ಹೇಳಿದೆ. ಅನ್ನದ ಪಾತ್ರೆ ತೇಲಿಹೋದಲ್ಲಿಗೆ ಇಡೀ ಕ್ಲಾಸು ನಕ್ಕಿತು. ಆ ನಗು ಸಿಕ್ಕ ಮೇಲೆ ಮುಂದಕ್ಕೆ ಹೇಳುವ ಗರಜು ನನಗೆ ಕಾಣಲಿಲ್ಲ. ಸಂಜೆಯೊಳಗೆ ಊರೆಲ್ಲ ಗುಲ್ಲಾಯಿತು. ಮುಂದೆ ಅಪ್ಪ ‘ಇಷ್ಟು ದಿನಕ್ಕ ಸಾಕು’ ಎಂದಾಗಲೆಲ್ಲ ಯಾರಾದರೊಬ್ಬರು, ‘ಇದು ಕೆರೆ ಲೆಕ್ಕನೋ, ಸಮುದ್ರದ ಲೆಕ್ಕನೋ?’ ಎನ್ನುವರು. ಕೇಡಿಗೆ ಅಂದವರಲ್ಲ, ತಮಾಷೆಗೆ. ಅಪ್ಪನೂ ನಗುತ್ತಿದ್ದ. ಆದರೆ ಮೊದಲೆಲ್ಲ ಬೇಸಿಗೆಯಿಡೀ ಕೆರೆಯಂಚಿನಲ್ಲಿ ನಿಂತಿರುತ್ತಿದ್ದ ಕೋಲು ಆಮೇಲೆ ಅಲ್ಲಿ ಕಾಣಲಿಲ್ಲ. ಕತ್ತಲಾದ ಮೇಲೆ ಊರಿ, ಜನ ಏಳುವ ಮುಂಚೆ ಹೋಗಿ ನೋಡಿ, ಅದನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದ. ಹಟ್ಟಿಯ ಮೂಲೆಯಲ್ಲಿ ಅದು ಒರಗಿರುವುದನ್ನು ನಾನು ದಿನಾ ನೋಡುತ್ತಿದ್ದೆ. ಉಳಿದರ್ಧವನ್ನು ಯಾವತ್ತು ಬೇಕಾದರೂ ಹೇಳಬಹುದಿತ್ತು. ನಾಚಿಕೆಯಿಂದ ಹೇಳಲಿಲ್ಲ. ದೊಡ್ಡವಳಾದ ಮೇಲೆ, ಇಷ್ಟಕ್ಕೆಲ್ಲ ಯಾರಾದರೂ ಕ್ಷಮೆ ಕೇಳುತ್ತಾರಾ ಎಂದುಕೊಂಡು ಸುಮ್ಮನಿದ್ದೆ. ಟೆಂಪೋ ಎಂದೋ ಶಿರಾಳಕೊಪ್ಪದ ಗುಜರಿ ಸೇರಿತು. ಅಪ್ಪ ಹೋಗಿ ಎರಡು ವರ್ಷವಾಯಿತು. ನಿಮಗೂ ಹೀಗೆ ಹೇಳದೆ ಉಳಿಸಿಕೊಂಡ ಅರ್ಧ ಮಾತೊಂದು ಇರಬಹುದು. ಅದರ ಭಾರ ಎಷ್ಟೆಂದು ನಾನು ಹೇಳಬೇಕಿಲ್ಲ.

ಮೊನ್ನೆ ಆ ಗಾಳಿಮರದ ನೆರಳಲ್ಲಿ ಮಗಳಿಗೆ ಇದನ್ನೇ ಹೇಳುತ್ತಿದ್ದೆ. ಪಾತ್ರೆ ತೇಲಿಹೋಗಿ, ನೀರಗಂಟಿ ಎಂದಾಗ ಎಲ್ಲರೂ ನಕ್ಕರೆಂಬಲ್ಲಿಗೆ ಬರುತ್ತಲೇ ಅವಳೂ ಹೊಟ್ಟೆ ಹಿಡಿದು ನಕ್ಕು, ‘ಪಪ್ಪಾ, ಅಜ್ಜ ಏನು ಮಾಡಿದ್ರು ಗೊತ್ತಾ’ ಎನ್ನುತ್ತ ಎದ್ದು ಓಡಲು ಹೊರಟಳು. ನಾನು ಅವಳ ಕೈ ಹಿಡಿದು ಕೂರಿಸಿಕೊಂಡೆ. ನನ್ನ ಬಾಯಿಂದ ಎಷ್ಟೋ ವರ್ಷದ ಮೇಲೆ ಅಪ್ಪನ ಮಾತು ಹೊರಟಿತು.

‘ತಡಿ ಮಗಳ, ಕುಂದ್ರು. ಇನ್ನೂ ಅರ್ಧ ಐತಿ.’