ಅಪ್ಪ ಶುರು ಮಾಡಿದ ಭಾಷೆ

ಕಂಕನಾಡಿ ಮಾರ್ಕೆಟಿನ ಹತ್ತಿರ ನಮ್ಮದೊಂದು ಪಾತ್ರೆ ಅಂಗಡಿ. ಮಂಗಳೂರಿನಲ್ಲಿ ಯಾರ್ಯಾರು ಇದ್ದಾರೆ ಎಂದು ತಿಳಿಯಬೇಕಾದವರು ಬಂದು ನಮ್ಮ ಗಲ್ಲಾದ ಹಿಂದೆ ಅರ್ಧ ದಿನ ಕೂತರೆ ಸಾಕು. ಮೀನಿನ ಬೋಟಿಗೆ ದೊಡ್ಡ ಅನ್ನದ ಪಾತ್ರೆ ಕೇಳುವ ಬೆಂಗ್ರೆಯ ಬ್ಯಾರಿ ಮುಸ್ಲಿಮರು, ಇಡ್ಲಿಯಂಥ ಸಾನ್ನ ಬೇಯಿಸುವ ಹಬೆ ಪಾತ್ರೆಗೆ ಬರುವ ಕೊಂಕಣಿ ಕ್ರಿಶ್ಚಿಯನ್ನರು, ಹಾಸ್ಟೆಲಿಗೆ ಗುಟ್ಟಾಗಿ ಸಣ್ಣ ಕುಕ್ಕರ್ ಒಯ್ಯುವ ಮಲಯಾಳಿ ಹುಡುಗಿಯರು. ಈಗೀಗ ರೈಲಿಳಿದು ನೇರ ಬಂದು ರೊಟ್ಟಿ ತವಾ ಕೇಳುವ ಬಿಹಾರದವರೂ ಉಂಟು.

ನಮ್ಮ ಮನೆಮಾತು ತುಳು. ಗಿರಾಕಿ ಮೆಟ್ಟಿಲು ಹತ್ತುವುದರೊಳಗೆ ಯಾವ ಜನ ಎಂದು ಅಂದಾಜು ಹಾಕಿ, ಅವರ ಭಾಷೆಯಲ್ಲೇ ಮಾತಾಡಿಸುವುದು ಅಪ್ಪನ ಜಂಬ. ಗುರುತು ಹತ್ತದಿದ್ದರೆ ಮಾತ್ರ ಕನ್ನಡ. ನಮ್ಮಲ್ಲಿ ಕನ್ನಡವೆಂದರೆ ಅಪರಿಚಿತರಿಗೆ ಕೊಡುವ ಮರ್ಯಾದೆ.

ಅಂಥ ಅಪ್ಪನಿಗೆ ಮರೆವು ಶುರುವಾಯಿತು. ಇನ್ನು ಹೆಚ್ಚುತ್ತಾ ಹೋಗುತ್ತದೆ ಎಂದರು ಅತ್ತಾವರದ ಡಾಕ್ಟರು. ದುಬೈಯಲ್ಲಿರುವ ನನ್ನ ತಮ್ಮ ಫೋನಿನಲ್ಲೇ ಸಿಡಿದ.

"ಅವರನ್ನು ಅಂಗಡಿಗೆ ಕರ್ಕೊಂಡು ಹೋಗ್ಬೇಡ ಅಕ್ಕ. ಜನ ನಗ್ತಾರೆ."

ನನಗೆ ಸಿಟ್ಟು ನೆತ್ತಿಗೇರಿತು. ಅಂಗಡಿ ಬಿಡಿಸಿದರೆ ಅಪ್ಪನಲ್ಲಿ ಮತ್ತೇನು ಉಳಿಯುತ್ತದೆ?

"ಇಲ್ಲಿಯ ಜನ ನಂಗೆ ಗೊತ್ತುಂಟು ಮಾರಾಯ. ನಾನು ನೋಡಿಕೊಳ್ತೇನೆ," ಎಂದೆ.

ಹೇಳಿದ್ದೇನೋ ಜೋರಾಗಿ. ಮರುದಿನವೇ ಬೆಂಗ್ರೆಯ ಹಳೇ ಗಿರಾಕಿ, ಒಬ್ಬ ಬ್ಯಾರಿ ಕಾಕ, ಒಳಗೆ ಬಂದರು. ಅಪ್ಪ ಗತ್ತಿನಿಂದ, ಬ್ಯಾರಿ ಭಾಷೆ ಬಿಟ್ಟು ಕೊಂಕಣಿಯಲ್ಲಿ ಕ್ಷೇಮ ವಿಚಾರಿಸಿದರು. ಕಾಕ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ, ಕ್ರಿಶ್ಚಿಯನ್ನರ ಮನೆಗಳಿಗೆ ಮೀನು ಕೊಟ್ಟು ಕೊಟ್ಟು ಕಲಿತ ಕೊಂಕಣಿಯಲ್ಲಿ ಉತ್ತರ ಕೊಟ್ಟರು. ಚೌಕಾಸಿಯನ್ನೂ ಬಿಡಲಿಲ್ಲ, ಅದೂ ಕೊಂಕಣಿಯಲ್ಲೇ ನಡೆಯಿತು.

ಹೊರಡುವಾಗ ನನ್ನ ಹತ್ತಿರ ಮೆಲ್ಲಗೆ ಅಂದರು, "ಶುರು ಮಾಡಿದ್ದು ಅವರಲ್ವಾ ತಂಗಿ. ಅದರಲ್ಲೇ ಮುಗಿಸ್ಬೇಕು."

ಒಬ್ಬರು ರಿಟೈರ್ಡ್ ಕ್ರಿಶ್ಚಿಯನ್ ಟೀಚರಿಗೆ ಅಪ್ಪ ಬ್ಯಾರಿಯಲ್ಲಿ ಬೆಲೆ ಹೇಳಿದ ದಿನವೂ ಹಾಗೇ ಆಯಿತು. ಅವರಿಗೆ ಬ್ಯಾರಿ ಬರುವುದು ಅಷ್ಟಕ್ಕಷ್ಟೇ. ತುಳು, ಮಲಯಾಳ ಸೇರಿಸಿ ಏನೋ ಒಂದು ಒಪ್ಪಿಸಿ, ಪಾತ್ರೆ ಹಿಡಿದುಕೊಂಡು ಹೋದರು. ಯಾರೂ ನಗಲಿಲ್ಲ. ತಮ್ಮನಿಗೆ ಹೇಳಿ ಗೆದ್ದೆನೆಂದು ಬೀಗಿದೆ.

ಮೊನ್ನೆ ಸಂಜೆ ಲೆಕ್ಕ ಮುಗಿಸಿ ಎದ್ದಾಗ ಅಪ್ಪ ನನ್ನನ್ನೇ ನೋಡುತ್ತಿದ್ದರು. ಕುರ್ಚಿಯಿಂದ ಅರ್ಧ ಎದ್ದು, ಕನ್ನಡದಲ್ಲಿ ಕೇಳಿದರು, "ಬನ್ನಿ, ಕೂತ್ಕೊಳ್ಳಿ. ನಿಮಗೆ ಎಂತ ಬೇಕಿತ್ತು?"

ಹುಟ್ಟಿದಾಗಿನಿಂದ ಅಪ್ಪ ನನ್ನೊಡನೆ ಒಂದು ಮಾತೂ ಕನ್ನಡದಲ್ಲಿ ಆಡಿದವರಲ್ಲ. ನಾನು ನಿಮ್ಮ ಮಗಳು ಎಂದು ತುಳುವಿನಲ್ಲಿ ಹೇಳಲು ಬಾಯಿ ತೆರೆದವಳು, ಕಾಕನ ಮಾತು ನೆನಪಾಗಿ ತಡೆದೆ. ಸ್ಟೂಲ್ ಎಳೆದು ಎದುರಿಗೆ ಕೂತೆ.

"ಒಂದು ಒಳ್ಳೆ ಪಾತ್ರೆ ತೋರಿಸಿ," ಎಂದೆ, ಕನ್ನಡದಲ್ಲೇ. "ನಂಗೆ ಅವಸರ ಇಲ್ಲ."