ಬೋಲ್ಟ್ ಹಿಡಿದ ಮುಷ್ಟಿ

ಗೆಳೆಯರೇ, ಇವತ್ತು ಹುಣಸೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮಂಜಣ್ಣನ ಕೈ ಒಂದು ಎಟಿವಿಯೊಳಗೆ ಸಿಕ್ಕಿಕೊಂಡಿತು. ಕೋಟೆ ತಾಲ್ಲೂಕಿನ ಹೋಂಸ್ಟೇ ಮಾಲೀಕರು ಸರ್ವೀಸಿಗೆ ತಂದಿದ್ದ, ದಪ್ಪ ಟೈರಿನ ನಾಲ್ಕು ಚಕ್ರದ ಬೈಕ್ ಅದು. ಎಂಜಿನ್ ಪಕ್ಕದ ಇಕ್ಕಟ್ಟಾದ ಸಂದಿಗೆ ಕೈ ತೂರಿಸಿ, ಫಿಲ್ಟರ್ ಮುಚ್ಚಳದ ಬೋಲ್ಟ್ ಬಿಚ್ಚಿ ಮುಷ್ಟಿಯಲ್ಲಿ ಹಿಡಿದಿದ್ದರು. ಮುಷ್ಟಿ ಹೊರಗೆ ಬರುತ್ತಿರಲಿಲ್ಲ. ಪಂಕ್ಚರ್ ಹಾಕಿಸಲು ಹೋಗಿದ್ದ ನಾನು ನನ್ನ ಸ್ಕೂಟರಿನ ಹಿಂದೆ ನಿಂತು ನೋಡುತ್ತಿದ್ದೆ.

“ಬೋಲ್ಟ್ ಬುಟ್ಬುಡಿ ಮಂಜಣ್ಣ,” ಎಂದರು ಮಾಲೀಕರು.

“ಬುಟ್ರೆ ತಳದ ತಗಡಿಗೆ ಬೀಳ್ತದೆ ಕಣ್ರೀ. ಅದ ಬಿಚ್ಚಕ್ಕೆ ಸಂಜೆ ಆಯ್ತದೆ.”

“ಸಂಜೆಗೆ ಗೆಸ್ಟ್ ಬತ್ತಾರಲ್ರೀ!”

ಪಕ್ಕದ ತಮ್ಮ ಬಳೆ ಅಂಗಡಿಯಿಂದ ಮಂಜಣ್ಣನ ಹೆಂಡತಿ ಗೌರಕ್ಕ ಸೋಪಿನ ನೀರು ತಂದು ಗಂಡನ ಮಣಿಕಟ್ಟಿನ ಮೇಲೆ ಸುರಿದರು.

“ಮುಷ್ಟಿ ಬಿಚ್ಚಿ. ಬೋಲ್ಟ ಎರಡು ಬೆಳ್ಳಲ್ಲಿ ಹಿಡ್ಕಂಡು ಹೆಬ್ಬೆಟ್ಟ ಒಳಕ್ಕೆ ಮಡಚ್ಕಳಿ.”

“ನೋಯ್ತದೆ ಕಣಮ್ಮಿ!”

“ಬಳೆ ತೊಡ್ಸವಾಗ ಮದ್ವೆ ಹೆಣ್ಣೂ ಇಷ್ಟು ಅರಚಕಿಲ್ಲ. ಕೈ ಸಡ್ಲ ಬುಡಿ.”

ಕೈ ಬಂತು, ಬೋಲ್ಟೂ ಬಂತು.

ಫಿಲ್ಟರ್ ಬದಲಿಸಿದ ಮೇಲೆ ಅದೇ ಬೋಲ್ಟನ್ನು ಅದೇ ಸಂದಿಗೆ ಹಾಕಬೇಕಿತ್ತು. ಮಂಜಣ್ಣ ಕೆಂಪಾದ ತಮ್ಮ ಕೈ ನೋಡಿಕೊಂಡರು, ಆಮೇಲೆ ಹೆಂಡತಿಯ ಸಣ್ಣ ಕೈ ನೋಡಿದರು. ಗೌರಕ್ಕ ಬಳೆಗಳನ್ನು ಮೊಣಕೈವರೆಗೆ ಸರಿಸಿ ಕುಕ್ಕರುಗಾಲಿನಲ್ಲಿ ಕುಳಿತರು.

ಗೆಸ್ಟ್ ಬರುವ ಹೊತ್ತಿಗೆ ಎಟಿವಿ ಕೋಟೆ ಸೇರಬೇಕಿತ್ತು. ಅಷ್ಟರಲ್ಲಿ ಬಳೆ ತೊಡಿಸಿಕೊಳ್ಳಲು ಬಂದ ಇಬ್ಬರು ಹೆಂಗಸರನ್ನು ಮಂಜಣ್ಣನೇ ಅಂಗಡಿಗೆ ಕರೆದು ಕೂರಿಸಿ, ತಾವೇ ಬಳೆ ತೊಡಿಸಲು ಕೈ ಚಾಚಿದರು. ಅವರು ಒಮ್ಮೆ ಆ ಗ್ರೀಸ್ ಕೈ ನೋಡಿ, “ನಾಳೀಕೆ ಬತ್ತೀವಿ ಬುಡಣ್ಣ,” ಎಂದು ಎದ್ದು ಹೋದರು.