ರಾಕ್ಷಸರಿಗೆಲ್ಲ ಬೀಗನಾದ ಯೋಧ

ನನ್ನ ಯೋಧನ ಕೈಯಲ್ಲಿ ಕತ್ತಿ ಇರಲಿಲ್ಲ, ಅಡಕತ್ತರಿ ಇತ್ತು. ಗುರಾಣಿ ಇರಬೇಕಾದ ಕಡೆ ಎಲೆ ಅಡಿಕೆಯ ಚೀಲ ತೂಗುತ್ತಿತ್ತು. ತಮಾಷೆಗೆಂದು ನಾನು ಅವನನ್ನು ಹಾಗೆ ಮಾಡಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಕುಳಿತು, ಇದ್ದಷ್ಟು ಬುದ್ಧಿ ಖರ್ಚು ಮಾಡಿ ಮಾಡಿದೆ.

ಆಟ ನನ್ನ ತಂಗಿಯದು. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಬಾಡಿಗೆ ಮನೆಯ ಹೊರಗಿನ ಕೋಣೆಯಲ್ಲಿ ಭಾನುವಾರ ಅವಳು ಮತ್ತು ಅವಳ ಕಾಲೇಜು ದಿನಗಳ ಗೆಳೆಯರು ಸೇರುತ್ತಾರೆ. ತಂಗಿ ಕಥೆ ಹೇಳುತ್ತಾಳೆ: ಕಾಡು, ಗುಹೆ, ರಾಕ್ಷಸರು. ಉಳಿದ ಒಬ್ಬೊಬ್ಬರದು ಒಂದೊಂದು ಪಾತ್ರ. ತಮ್ಮ ಪಾತ್ರ ಈಗ ಏನು ಮಾಡುತ್ತದೆಂದು ಹೇಳಿ, ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ದೊಡ್ಡ ಸಂಖ್ಯೆ ಬಿದ್ದರೆ ಅಂದುಕೊಂಡದ್ದು ಆಗುತ್ತದೆ, ಸಣ್ಣದು ಬಿದ್ದರೆ ಕೆಡುತ್ತದೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟು, ಈಗ ಸಾಮಾನು ಸಾಗಿಸುವ ಸಣ್ಣ ಗಾಡಿ ಓಡಿಸುವ ನನಗೆ ಇದೆಲ್ಲ ಓದಿದವರು ಹಗಲಿನಲ್ಲಿ ಕಾಣುವ ಕನಸು ಅನ್ನಿಸುತ್ತಿತ್ತು. ಚಹಾ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದೆ.

ಅವರಲ್ಲಿ ಒಬ್ಬನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಉಳಿದವರು ಇಬ್ಬರೇ. ಒಬ್ಬಳು ನರ್ಸ್, ಆಟದಲ್ಲಿ ಮಂತ್ರವಾದಿ. ಇನ್ನೊಬ್ಬ ಊರಿನ ಕ್ಯಾಂಪ್ ಭಾಗದ ಹುಡುಗ, ಬ್ಯಾಂಕಿನಲ್ಲಿ ಕಾರಕೂನ, ಆಟದಲ್ಲಿ ಬಿಲ್ಲುಗಾರ.

"ಅಣ್ಣಾರ, ನೀವ ಕುಂದರ್ರಿ. ಬಡದಾಡಾಕ ಒಬ್ಬ ಗಂಡಸ ಬೇಕಾಗೇತಿ," ಎಂದು ಬ್ಯಾಂಕಿನವನು ಕರೆದ.

"ನೀ ಏನ ಮತ್ತ?" ಎಂದಳು ನರ್ಸ್.

"ನಾ ದೂರಿಂದ ಬಾಣ ಬಿಡಾಂವ."

ಕುಳಿತೆ. ತಂಗಿಯ ಮುಖ ನೇರವಾಗಿ ನೋಡದೆ ಬಹಳ ದಿನವಾಗಿತ್ತು, ಎದುರು ಕುಳಿತರೆ ಅದು ತಾನಾಗಿ ಸರಿಹೋಗಬಹುದು ಅಂದುಕೊಂಡೆ. ಯಾಕೆ ನೋಡಿರಲಿಲ್ಲ ಅನ್ನುವುದನ್ನು ಮೊದಲು ಹೇಳಬೇಕು.

ತಂಗಿಯನ್ನು ಖಾನಾಪುರಕ್ಕೆ ಕೊಟ್ಟಿದ್ದೆವು. ಗಂಡ ಹೆಂಡತಿಗೆ ಹೊಂದಲಿಲ್ಲ. ಬೈದಾಟವಿಲ್ಲದೆ, ಹೊಡೆದಾಟವಿಲ್ಲದೆ ಇಬ್ಬರೂ ಒಪ್ಪಿ ಬೇರೆಯಾದರು. ಅವಳು ಬಟ್ಟೆಬರೆ ತಂದಳು. ಒಂದೇ ಒಂದು ವಸ್ತು ಅಲ್ಲಿ ಉಳಿಯಿತು: ಮನೆಯಲ್ಲೇ ಹಿಟ್ಟು ಬೀಸುವ ಕರೆಂಟಿನ ಗಿರಣಿ. ಮದುವೆಗೆ ಮೊದಲು ತಾನು ದುಡಿದ ಪಗಾರದಲ್ಲಿ ಕೊಂಡದ್ದು. ಅದು ಬಂದರೆ ಜೋಳ, ರಾಗಿ, ಸಜ್ಜೆ ಬೀಸಿ ಹಿಟ್ಟು ಮಾರುವುದು ಅವಳ ಲೆಕ್ಕಾಚಾರ. ಓಣಿಯ ಹೆಂಗಸರು ಆಗಲೇ ಕೇಳಿಟ್ಟಿದ್ದರು. ಅಲ್ಲಿಯವರೆಗೆ ಹೊರಗಿನ ಗಿರಣಿಯಲ್ಲಿ ಬೀಸಿಸಿ ಕೊಟ್ಟು ನೋಡಿದಳು. ಯಾರದೋ ಖಾರದಪುಡಿ ಬೀಸಿದ ಕಲ್ಲಿನಲ್ಲಿ ಇವಳ ರಾಗಿ ಬಿದ್ದು, ಒಂದು ಮನೆಯ ಕೂಸು ಅಂಬಲಿ ಕುಡಿದು ಓಣಿ ಕೇಳುವಂತೆ ಅತ್ತಿತು.

ಗಾಡಿ ನನ್ನದು. ತರಬೇಕಾದವನು ನಾನು. ಖಾಲಿ ಗಾಡಿ ಓಡಿಸಿಕೊಂಡು ಖಾನಾಪುರಕ್ಕೆ ಹೋದೆ. ತಂಗಿಯ ಮಾವ ಬಾಗಿಲಲ್ಲೇ, "ಬರ್ರಿ ಬೀಗರ, ಕುಂದರ್ರಿ," ಎಂದರು. ಕುಳಿತೆ. ಚಹಾ ಬಂತು, ಆಮೇಲೆ ಊಟ ಬಂತು. ಅವರ ಮೊಣಕಾಲಿನ ನೋವಿನ ಬಗ್ಗೆ ಮಾತಾಡಿದೆವು. ಗಿರಣಿ ಎದುರಿಗೇ ಇತ್ತು, ಹಳೆಯ ಚಾದರ ಹೊದಿಸಿ ಇಟ್ಟಿದ್ದರು. ಹೊರಡುವಾಗ ಅವರ ದೊಡ್ಡ ಮಗ ಗಾಡಿಗೆ ನಾಲ್ಕು ಹಲಸಿನ ಹಣ್ಣು ಹಾಕಿದ. ನಾನು ಹಲಸಿನ ಹಣ್ಣಿನ ಜೊತೆ ಮನೆಗೆ ಬಂದೆ.

"ಗಿರಣಿ?" ಎಂದಳು ತಂಗಿ.

"ಮುಂದಿನ ತಿಂಗಳ ಕೊಡ್ತಾರಂತ," ಎಂದೆ.

ಅವರು ಹಾಗೆ ಅಂದಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಮುಂದೆ ಹೋದಾಗಲೂ ಕೇಳಲಿಲ್ಲ. ಒಮ್ಮೆ ಗೇರುಬೀಜ ತಂದೆ, ಒಮ್ಮೆ ಅಕ್ಕಿ ತಂದೆ. ಪ್ರತಿ ಸಲ ಅವರ ಬಾಯಲ್ಲಿ ಒಂದು ಹೊಸ ನೆಪ ಇಟ್ಟೆ. ಮಗ ಗೋವಾದಿಂದ ಬರಬೇಕಂತೆ. ತುಂಬಿಕೊಡಲು ರಟ್ಟಿನ ಖೋಕಾ ಸಿಕ್ಕಿಲ್ಲವಂತೆ. ಕೊನೆಗೆ ತಂಗಿ ರೋಸಿಹೋಗಿ ಮಾವನ ಮೊಬೈಲಿಗೆ ಮೆಸೇಜ್ ಬರೆದಳು: ನೀವು ಕಳ್ಳರು, ಹೆಣ್ಣುಮಗಳ ದುಡಿಮೆ ತಿನ್ನುವವರು, ಎಂದು. ಕಳಿಸುವ ಮೊದಲು ನನಗೆ ಓದಿ ಹೇಳಿದಳು. ಆಗಲಾದರೂ ಬಾಯಿ ಬಿಡಬೇಕಿತ್ತು. "ಸ್ವಲ್ಪ ಮೆತ್ತಗ ಬರಿ," ಎಂದೆ. ಅವಳು ಮೆತ್ತಗೆ ಬರೆಯಲಿಲ್ಲ.

ಯಾಕೆ ಕೇಳಲಿಲ್ಲ ಅಂದರೆ, ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ಬೆಳಗಾವಿಯಲ್ಲಿ ನಾನು ಗಾಡಿಯವನು. ಮನೆ ಬಾಗಿಲಿಗೆ ಹೋದರೆ, "ಅಲ್ಲೇ ಇಳಸು," ಅನ್ನುತ್ತಾರೆ. ಖಾನಾಪುರದ ಆ ಒಂದು ಮನೆಯಲ್ಲಿ ಮಾತ್ರ ನನಗೆ ಕುರ್ಚಿ ಇತ್ತು. ಗಿರಣಿ ಕೇಳಿದರೆ ಸಂಬಂಧ ಮುಗಿಯಿತು ಎಂದು ನಾನೇ ಬಾಯಿಬಿಟ್ಟು ಹೇಳಿದ ಹಾಗೆ. ತಂಗಿಯ ಗಿರಣಿ ಕೊಟ್ಟು ನಾನು ಆ ಕುರ್ಚಿ ಉಳಿಸಿಕೊಂಡೆ.

ಇಂಥವನು ಯೋಧನನ್ನು ಮಾಡಲು ಕುಳಿತ.

ದಾಳಗಳನ್ನು ಮತ್ತೆ ಮತ್ತೆ ಉರುಳಿಸಿ ಆರು ಸಂಖ್ಯೆ ಪಡೆಯಬೇಕು. ಅವನ್ನು ಬಲ, ಚುರುಕು, ತಾಳಿಕೆ, ಬುದ್ಧಿ, ತಿಳಿವಳಿಕೆ, ಮಾತು ಎಂಬ ಆರು ಗುಣಗಳಿಗೆ ಹಂಚಬೇಕು. ಯೋಧನಾದರೆ ದೊಡ್ಡದನ್ನು ಬಲಕ್ಕೆ ಇಡುವುದು ರೂಢಿ. ನಾನು ದೊಡ್ಡದನ್ನು ಮಾತಿಗೆ ಇಟ್ಟೆ, ಸಣ್ಣದನ್ನು ಬಲಕ್ಕೆ.

"ಅಣ್ಣಾರ, ಇಂವ ಒಂದ ಕೊಡ ನೀರ ಎತ್ತಂಗಿಲ್ಲ," ಎಂದಳು ನರ್ಸ್.

"ನೀರ ಅವರ ತಂದ ಕೊಡ್ತಾರ."

"ಯಾರು?"

"ಯಾರ ಮನಿಗೆ ಹೋಗಿರ್ತಾನೊ ಅವರು."

ಒಂದಾದರೂ ಆಯುಧ ಬೇಕೇ ಬೇಕು ಎಂದು ಬ್ಯಾಂಕಿನವನು ಹಟ ಹಿಡಿದ. ಅಡಕತ್ತರಿ ಬರೆಸಿದೆ. ಅವನು ಆಟದ ನಿಯಮಗಳ ಪುಸ್ತಕ ತಿರುವಿ ಹಾಕಿ, ಸಣ್ಣ ಚೂರಿಯ ಲೆಕ್ಕದಲ್ಲಿ ಹಿಡಿಯಬಹುದು ಎಂದು ತೀರ್ಪು ಕೊಟ್ಟ. ಇನ್ನು ವಿಶೇಷ ವಿದ್ಯೆ. ಬೆಂಕಿ ಉಗುಳಬಹುದು, ಕತ್ತಲಲ್ಲಿ ಕಾಣಬಹುದು ಎಂದು ತಂಗಿ ಓದಿ ಹೇಳಿದಳು. ನಾನು ಬೇರೆ ಕೇಳಿದೆ: ಮೂರು ಪ್ರಶ್ನೆ ಕೇಳುವುದರೊಳಗೆ ಎದುರಿಗಿದ್ದವನ ಜೊತೆ ಸಂಬಂಧ ಹುಡುಕುತ್ತಾನೆ. ಸಂಬಂಧ ಸಿಕ್ಕ ಮೇಲೆ ಅವರು ಇವನ ಮೇಲೆ ಕೈ ಎತ್ತುವಂತಿಲ್ಲ.

"ಮತ್ತ ಇಂವ?" ಎಂದಳು ತಂಗಿ.

"ಇಂವನೂ ಎತ್ತಂಗಿಲ್ಲ."

"ಹಂಗಾರ ಇಂವ ಯೋಧ ಹ್ಯಾಂಗ ಆದ?"

"ಸಾಯಂಗಿಲ್ಲಲ್ಲ," ಎಂದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಬರೆದುಕೊಂಡಳು.

ಮೊದಲ ಭಾನುವಾರ ಒಂದು ಸೇತುವೆ ಬಂತು. ಹಸಿರು ಮೈಯ ಕುಳ್ಳ ರಾಕ್ಷಸರು ಈಟಿ ಹಿಡಿದು ಅಡ್ಡ ನಿಂತಿದ್ದರು. ನಾನು ಎಲೆ ಅಡಿಕೆಯ ಚೀಲ ಬಿಚ್ಚಿದೆ.

"ಯಾವೂರ್ರಿ ನಿಮ್ಮದು?"

ರಾಕ್ಷಸನ ದನಿಯಲ್ಲಿ ತಂಗಿ, "ಕರಿಗುಡ್ಡದ ಆಚಿಗೆ," ಎಂದಳು.

"ಆಚಿಗೆ ಅಂದ್ರ ಹಳ್ಳದ ಬಾಜುಕೊ, ಗುಡಿ ಬಾಜುಕೊ?"

"ರಾಕ್ಷಸರಿಗೆ ಎಲ್ಲೀ ಗುಡಿ?"

"ಹಳ್ಳದ ಬಾಜುಕ ಅನ್ರಿ ಹಂಗಾರ. ತಾಯಿ ತವರಮನಿ ಯಾವುದು?"

ದಾಳದಲ್ಲಿ ಹತ್ತೊಂಬತ್ತು ಬಿತ್ತು. ನನ್ನ ಯೋಧನ ಸೋದರತ್ತೆಯ ಮೈದುನನಿಗೆ ಆ ರಾಕ್ಷಸನ ಅಕ್ಕನನ್ನು ಕೊಟ್ಟಿದ್ದರು. ಬ್ಯಾಂಕಿನವನು ಅಷ್ಟರಲ್ಲಿ ಬಿಲ್ಲು ಎಳೆದು ನಿಂತಿದ್ದ.

"ಬಾಣ ಬಿಡ್ಲೇನ್ರಿ?"

"ಬೀಗರ ಮ್ಯಾಲೆ ಬಾಣ ಬಿಡ್ತಿ?" ಎಂದೆ. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಇಳಿಸಿದ.

ಆಮೇಲೆ ಕಥೆ ನನ್ನ ಹಿಡಿತಕ್ಕೆ ಬಂತು. ಗುಹೆಯಲ್ಲಿ ಎಲುಬಿನ ಹಂದರಗಳು ಎದ್ದು ಬಂದಾಗ ನರ್ಸ್, "ಸತ್ತವರ ಕೂಡ ಏನ ಸಂಬಂಧ ಹುಡಕ್ತೀರಿ?" ಎಂದಳು. ಸತ್ತರೆ ಸಂಬಂಧ ತಪ್ಪುತ್ತದೆಯೇ ಎಂದು ನಾನು ಕೇಳಿದೆ. ದಾಳವೂ ನನ್ನ ಪರವಾಗಿ ಬಿತ್ತು. ಸೇತುವೆಯ ರಾಕ್ಷಸನ ಮಗಳಿಗೂ ಮುಂದೆ ಸಿಕ್ಕ ಗುಡ್ಡದ ರಾಕ್ಷಸನ ಮಗನಿಗೂ ನಾನೇ ಮಾತುಕತೆ ಮಾಡಿಸಿದೆ. ಒಂದು ಭಾನುವಾರವೆಲ್ಲ ಆ ಮದುವೆಯಲ್ಲೇ ಹೋಯಿತು. ಹಸಿರು ಮೈಯ ಹುಡುಗಿಗೆ ಹಸಿರು ಇಳಕಲ್ ಸೀರೆ ಒಪ್ಪುತ್ತದೆಯೇ ಎಂದು ನರ್ಸ್ ಮತ್ತು ಬ್ಯಾಂಕಿನವನು ಜಗಳಾಡಿ, ಚಹಾ ತಣ್ಣಗಾಗಿಸಿಕೊಂಡರು. ಒಂದು ಹನಿ ರಕ್ತ ಬೀಳದೆ ನಾವು ಅರ್ಧ ರಾಜ್ಯ ದಾಟಿದ್ದೆವು. ನನಗೆ ಒಳಗೊಳಗೆ ಹೆಮ್ಮೆ. ತಂಗಿ ಮಾತ್ರ ವಾರದಿಂದ ವಾರಕ್ಕೆ ಕಡಿಮೆ ನಗುತ್ತಿದ್ದಳು.

ಮುಂದಿನ ವಾರ ಅವಳು ಒಬ್ಬ ದೈತ್ಯನನ್ನು ತಂದಳು. ಊರಿನ ಬೀಸುವ ಕಲ್ಲು ದೈತ್ಯನ ಮನೆಯಲ್ಲಿದೆ, ಊರಿನವರಿಗೆ ರೊಟ್ಟಿಯಿಲ್ಲ, ನಾವು ಹೋಗಿ ಕಲ್ಲು ತರಬೇಕು. ಬ್ಯಾಂಕಿನವನು ಹುರುಪಿನಿಂದ ಬಾಣ ಎಣಿಸಿಕೊಂಡ. ದೈತ್ಯ ಬಾಗಿಲು ತೆರೆದ. ಬಿಳಿ ಧೋತರ ಉಟ್ಟಿದ್ದ, ಗೋಡೆ ಹಿಡಿದು ಕುಂಟುತ್ತಿದ್ದ. ನಾನು ಊರು ಕೇಳುವ ಮೊದಲೇ ಅವನು, "ಬರ್ರಿ ಬೀಗರ, ಕುಂದರ್ರಿ," ಎಂದ.

ದನಿ ಥೇಟು ಖಾನಾಪುರದ ಮಾವನದು. ಉಳಿದ ಇಬ್ಬರೂ, ದೈತ್ಯ ಬಹಳ ಮಜಾ ಇದ್ದಾನೆ ಎಂದು ನಗುತ್ತಿದ್ದರು. ದೈತ್ಯ ಊಟಕ್ಕೆ ಹಾಕಿದ. ಉಂಡೆವು. ಬೀಸುವ ಕಲ್ಲು ಎದುರಿಗೇ ಇದೆ ಎಂದು ತಂಗಿ ಹೇಳಿದಳು.

"ಈಗ ಏನ ಮಾಡ್ತಿ?"

"ಮೊಣಕಾಲ ಹ್ಯಾಂಗ ಅದಾವ್ರಿ ಅಂತ ಕೇಳ್ತೀನಿ."

"ಅಣ್ಣಾರ, ಕಲ್ಲ ಕೇಳ್ರಿ," ಎಂದ ಬ್ಯಾಂಕಿನವನು.

"ಇರ್ಲಿ ತಡೀಪಾ. ಹಿರ್ಯಾರದಾರ."

ದಾಳ ಉರುಳಿಸಲು ಕೈ ಚಾಚಿದೆ. ತಂಗಿ ಅದರ ಮೇಲೆ ಅಂಗೈ ಇಟ್ಟಳು.

"ದಾಳ ಬ್ಯಾಡ. ದೈತ್ಯನ ಕೇಳಾಕತ್ತಾನ. ಬೀಗರ, ಏನರ ಕೆಲಸ ಇಟಗೊಂಡ ಬಂದೀರೇನು? ನಾಚಬ್ಯಾಡ್ರಿ, ಕೇಳ್ರಿ. ಕೊಡ್ತೀನಿ."

ಇದಕ್ಕಿಂತ ಸುಲಭ ಮಾಡಲು ಯಾವ ದೈತ್ಯನಿಂದಲೂ ಆಗದು. ನರ್ಸ್ ನನ್ನ ತೊಡೆಗೆ ತಿವಿದಳು. ನನ್ನ ಬಾಯಿಂದ ಬಂದದ್ದು ಇದು: "ಏನಿಲ್ರಿ. ಈ ಕಡೆ ಬಂದಿದ್ವಿ, ಮಾತಾಡ್ಸಿ ಹೋಗೂಣು ಅಂತ."

ತಂಗಿ ದೈತ್ಯನ ದನಿ ಬಿಟ್ಟಳು.

"ಅಣ್ಣಾ, ಖಾನಾಪುರದಾಗ ನೀ ಗಿರಣಿ ಕೇಳೀಯೊ ಇಲ್ಲೊ?"

"ಖಾನಾಪುರ ಯಾವ ಗುಹಿ?" ಎಂದು ಬ್ಯಾಂಕಿನವನು ಆಟದ ನಕಾಶೆ ಹುಡುಕತೊಡಗಿದ.

"ಕೇಳಿಲ್ಲ," ಎಂದೆ.

"ಒಮ್ಮೆನೂ?"

"ಒಮ್ಮೆನೂ."

ನರ್ಸ್ ಸದ್ದಿಲ್ಲದೆ ದಾಳಗಳನ್ನು ಚೀಲಕ್ಕೆ ತುಂಬಿದಳು. ತಂಗಿ ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದಳು: "ನಾ ಅವರಿಗೆ ಕಳ್ಳರು ಅಂತ ಬರದೀನಿ. ಅದನ್ನ ಏನ ಮಾಡೂಣು?"

ಮರುದಿನ ಬೆಳಿಗ್ಗೆ ಅವಳೇ ಗಾಡಿ ಹತ್ತಿ ಕುಳಿತಳು. ಖಾನಾಪುರದ ಮನೆಯ ಮುಂದೆ ಗಾಡಿ ನಿಂತಾಗ, "ನಾ ಇಳಿಯಂಗಿಲ್ಲ. ನೀನ ಕೇಳು," ಎಂದಳು.

ಮಾವ ಕುಳಿತುಕೊಳ್ಳಲು ಹೇಳಿದರು. ನಿಂತೇ ಹೇಳಬೇಕೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದೆ. ಅರ್ಧ ಕುಳಿತೇಬಿಟ್ಟಿದ್ದೆ, ಎದ್ದು ನಿಂತೆ. "ತಂಗೀ ಗಿರಣಿ ಒಯ್ಯಾಕ ಬಂದೀನ್ರಿ," ಎಂದೆ. ಅವರು ದೊಡ್ಡ ಮಗನನ್ನು ಕರೆದರು. ಚಾದರ ತೆಗೆದು, ಒರೆಸಿ, ಇಬ್ಬರು ಹಿಡಿದು ಗಾಡಿಗೆ ಏರಿಸಿದರು. ಚಹಾ ಕುದಿಯುವುದರೊಳಗೆ ಕೆಲಸ ಮುಗಿದಿತ್ತು.

ಮಾವ ಕುಂಟುತ್ತ ಗಾಡಿಯ ಕಿಟಕಿಗೆ ಬಂದರು. "ಕೇಳಿದ್ರ ಅವತ್ತ ಕೊಡ್ತಿದ್ವಲ್ಲವಾ. ಅಂಥಾ ಮಾತ ಯಾಕ ಬರದಿ?"

"ಅದನ್ನ ಅಣ್ಣ ಹೇಳ್ತಾನ್ರಿ ಮಾಮಾ," ಎಂದಳು ತಂಗಿ.

ನಾನು ಹಗ್ಗ ಕಟ್ಟುತ್ತಿದ್ದೆ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದೆ. ಕೊನೆಗೆ ಗಿರಣಿಗೆ ಮುಖ ಮಾಡಿಕೊಂಡೇ ಹೇಳಿದೆ: ನಾನು ಕೇಳಿರಲಿಲ್ಲ, ನೀವು ಕೊಡಲಿಲ್ಲ ಎಂದು ಇವಳಿಗೆ ಸುಳ್ಳು ಹೇಳಿದೆ.

"ನಾ ಆ ಮೆಸೇಜ್ ನಮ್ಮ ಮಂದಿಗೆಲ್ಲ ತೋರಿಸೀನಿ," ಎಂದರು ಮಾವ. "ಎಂಥಾ ಸೊಸಿ ನೋಡ್ರಿ ಅಂತ. ಈಗ ಏನ ಮಾಡ್ಲಿ?" ತಾವೇ ಉತ್ತರ ಹುಡುಕಿಕೊಂಡರು. "ಯಾರ್ಯಾರಿಗೆ ತೋರಿಸೀನೊ ಅವರಿಗೆಲ್ಲ ನೀವ ಹೇಳ್ರಿ. ನಡೀರಿ, ಮನಿ ನಾ ತೋರಸ್ತೀನಿ."

ಮೊಣಕಾಲು ಹಿಡಿದುಕೊಂಡು ಗಾಡಿ ಹತ್ತಿದರು. ನಡುವೆ ತಂಗಿ, ಆಚೆ ಮಾವ, ಹಿಂದೆ ಗಿರಣಿ. ಹೀಗೆ ಖಾನಾಪುರದ ಓಣಿಗಳಲ್ಲಿ ಹೊರಟೆವು. ಅವರು ಬೆರಳು ತೋರಿಸಿದ ಮನೆಯ ಮುಂದೆ ನಿಲ್ಲಿಸುವುದು, ನಾನು ಇಳಿದು ಹೋಗಿ ಹೇಳುವುದು. ಮೊದಲ ಮನೆಯಲ್ಲಿ ಮಳೆ, ಬೆಳೆ, ರಸ್ತೆಯ ಕೆಲಸ ಎಲ್ಲ ಮಾತಾಡಿ ಹೊರಗೆ ಬಂದೆ. ತಂಗಿ ಕಿಟಕಿಯಿಂದ, "ಹೇಳಿದ್ಯಾ?" ಎಂದಳು. ತಿರುಗಿ ಒಳಗೆ ಹೋದೆ. ಇನ್ನೊಂದು ಮನೆಯಲ್ಲಿ ಒಬ್ಬ ಮುದುಕಿ ಎಲ್ಲ ಕೇಳಿ, "ಯಾವ ಮೆಸೇಜ್?" ಎಂದಳು. ಅವಳಿಗೆ ನೆನಪೇ ಇರಲಿಲ್ಲ. ತಂಗಿ ಏನು ಬರೆದಿದ್ದಳು ಎಂಬುದನ್ನು ನಾನೇ ಮೊದಲಿನಿಂದ ಹೇಳಿ, ಅದು ತಪ್ಪು ಎಂದೂ ನಾನೇ ಹೇಳಬೇಕಾಯಿತು. ಮುದುಕಿ ಗಲ್ಲಕ್ಕೆ ಕೈ ಹಚ್ಚಿ, "ಹಂಗ ಬರದಿದ್ಲ ಅಕಿ?" ಎಂದಳು.

ಗಾಡಿಗೆ ಬಂದಾಗ ಮಾವ ಮತ್ತು ತಂಗಿ ರಾಗಿ ಬೀಸುವಾಗ ಹಿಟ್ಟು ಸೋಸಲು ಯಾವ ಜಾಳಿಗೆ ಹಾಕಬೇಕು ಎಂದು ಮಾತಾಡುತ್ತಿದ್ದರು.

ಬಿಸಿಲು ಏರಿತ್ತು. ಮಾವನಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. "ಇನ್ನೊಂದ ಮನಿ ಐತಿ. ಊರ ಹೊರಗ, ನಂದಗಡದ ದಾರಿಗೆ. ಇರ್ಲಿ ಬಿಡ್ರಿ, ಅವರಿಗೆ ನಾನ ಹೇಳ್ತೀನಿ," ಎಂದರು.

"ಬ್ಯಾಡ್ರಿ ಮಾಮಾ," ಎಂದಳು ತಂಗಿ. "ಅಂವನ ಹೇಳ್ಲಿ."

ಗಾಡಿಯನ್ನು ನಂದಗಡದ ದಾರಿಗೆ ತಿರುಗಿಸಿದೆ.